ಭರ್ಜಿಯೂ ಯಂತ್ರಕೋವಿಯೂ

ನ್ಯೂಟನ್ನನ ಮೂರನೆಯ ನಿಯಮವನ್ನು ಬೋಧಿಸುವಾಗ ಬಂದೂಕಿನ ಉದಾಹರಣೆಯನ್ನು ಕೊಡುವುದು ಭೌತಶಾಸ್ತ್ರದ ಅಧ್ಯಾಪಕರಲ್ಲಿ ಬಹುಕಾಲದಿಂದ ಬಂದ ರೂಢಿ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನೇ ದುಡಿಸಿಕೊಂಡು ತಾನೇ ತಾನಾಗಿ ಗುಂಡು ಹಾರಿಸುತ್ತ ಹೋಗುವ ಆಯುಧವೇ ಮೆಷಿನ್ ಗನ್. ಮಂಡ್ಯದ ನಮ್ಮ ತರಗತಿಯಲ್ಲಿ ಒಮ್ಮೆ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ, ಮಳವಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಹಾಗಾದರೆ ನಿಮಿಷಕ್ಕೆ ಐನೂರು ಗುಂಡು ಹಾರಿಸುವ ಮೆಷಿನ್ ಗನ್ನನ್ನು ಹೈಫಾದಲ್ಲಿ ನಮ್ಮ ಮೈಸೂರಿನ ಸವಾರರು ಬರಿಯ ಭರ್ಜಿ ಹಿಡಿದು ಗೆದ್ದದ್ದು ಹೇಗೆ?” ಎಂದು ಕೇಳಿದನು. ನಾವು ಉತ್ತರಕ್ಕೆ ತೊಡಗುವ ಮುನ್ನವೇ ಮದ್ದೂರಿನ ಇನ್ನೊಬ್ಬನು, “ಎದೆಗಾರಿಕೆಯ ಮುಂದೆ ಯಂತ್ರ ಯಾವ ಲೆಕ್ಕ!” ಎಂದನು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

ಆ ಮಾತು ಕೇಳಲು ಹಿತವಾಗಿಯೇ ಇದ್ದಿತು. ಆದರೆ ಇದೇ ಮಾತನ್ನು ನಂಬಿದ ಸೇನಾನಾಯಕರು 1914ರಲ್ಲಿ ಯೂರೋಪಿನ ತರುಣರನ್ನು ಸಾವಿರಗಟ್ಟಲೆಯಾಗಿ ಸಾವಿಗೆ ಕಳುಹಿಸಿದ್ದರೆಂಬುದು ನೆನಪಿಗೆ ಬಂದು ನಮಗೆ ಚಪ್ಪಾಳೆ ತಟ್ಟಲಾಗಲಿಲ್ಲ. ಮಳವಳ್ಳಿಯ ಹುಡುಗನ ಪ್ರಶ್ನೆ ಲೆಕ್ಕದ ಪ್ರಶ್ನೆ. ಅದಕ್ಕೆ ಲೆಕ್ಕದಿಂದಲೇ ಉತ್ತರ ಹುಡುಕೋಣ. ಮೆಷಿನ್ ಗನ್ನನ್ನು ಈ ಲೇಖನದಲ್ಲಿ ಯಂತ್ರಕೋವಿಯೆಂದು ಕರೆಯುತ್ತೇವೆ.

ಒದೆತ ದುಡಿಮೆಯಾದ ಬಗೆ

ಮೊದಲನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಗುಂಡಿನ ದ್ರವ್ಯರಾಶಿ ಸುಮಾರು 11.3 ಗ್ರಾಮು, ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 744 ಮೀಟರು. ಇವೆರಡನ್ನೂ ಗುಣಿಸಿದರೆ ಅದರ ಸಂವೇಗ ದೊರೆಯುತ್ತದೆ: ಸೆಕೆಂಡಿಗೆ 8.4 ಕಿಲೋಗ್ರಾಮ್-ಮೀಟರು. ಗುಂಡು ಮುಂದಕ್ಕೆ ಎಷ್ಟು ಸಂವೇಗವನ್ನು ಪಡೆಯಿತೋ ಅಷ್ಟನ್ನೇ ಬಂದೂಕು ಹಿಂದಕ್ಕೆ ಪಡೆಯಬೇಕು. ಬಂದೂಕು 4 ಕಿಲೋಗ್ರಾಮಿನದಾದರೆ ಅದು ಸೆಕೆಂಡಿಗೆ 2 ಮೀಟರಿಗೂ ತುಸು ಹೆಚ್ಚಿನ ವೇಗದಿಂದ ಹಿಂದೆ ಸರಿದು ಭುಜವನ್ನು ಬಡಿಯುತ್ತದೆ. ಉರಿದ ಮದ್ದಿನ ಅನಿಲವೂ ಮುಂದಕ್ಕೆ ನುಗ್ಗುವುದರಿಂದ ನಿಜವಾದ ಒದೆತ ಇದಕ್ಕಿಂತಲೂ ಹೆಚ್ಚು.

ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ 1862ರಲ್ಲಿ ಪೇಟೆಂಟು ಪಡೆದ ಕೋವಿಯಲ್ಲಿ ಹಲವು ನಳಿಗೆಗಳ ಒಂದು ಕಟ್ಟನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಶಕ್ತಿಯನ್ನು ಒದಗಿಸುತ್ತಿದ್ದುದು ಮನುಷ್ಯನ ತೋಳೇ, ಒದೆತ ವ್ಯರ್ಥವಾಗುತ್ತಿತ್ತು. ಅದನ್ನು ವ್ಯರ್ಥಗೊಳಿಸದೆ ಕೆಲಸಕ್ಕೆ ಹಚ್ಚಿದವನು ಲಂಡನ್ನಿನಲ್ಲಿ ನೆಲಸಿದ್ದ ಇನ್ನೊಬ್ಬ ಅಮೆರಿಕನ್, ಹೈರಮ್ ಮ್ಯಾಕ್ಸಿಮ್. 1884ರ ಸುಮಾರಿಗೆ ಸಿದ್ಧವಾದ ಅವನ ಕೋವಿಯಲ್ಲಿ, ಗುಂಡು ಹಾರಿದೊಡನೆ ನಳಿಗೆಯೂ ಅದಕ್ಕೆ ಬೀಗದಂತೆ ಕೂಡಿಕೊಂಡಿರುವ ಹಿಂಭಾಗವೂ ಒಟ್ಟಿಗೆ ಸ್ವಲ್ಪ ದೂರ ಹಿಂದಕ್ಕೆ ಸರಿಯುತ್ತವೆ, ಮೊಣಕಾಲಿನಂತೆ ಮಡಿಚಿಕೊಳ್ಳುವ ಒಂದು ಕೀಲು ಬೀಗವನ್ನು ಬಿಡಿಸುತ್ತದೆ, ಬರಿದಾದ ತೋಟಾ ಹೊರಬೀಳುತ್ತದೆ, ಸ್ಪ್ರಿಂಗೊಂದು ಹಿಗ್ಗುತ್ತದೆ. ಆ ಸ್ಪ್ರಿಂಗು ಮತ್ತೆ ಕುಗ್ಗುವಾಗ ಬಟ್ಟೆಯ ಪಟ್ಟಿಯಿಂದ ಬಂದ ಹೊಸ ತೋಟಾ ನಳಿಗೆಯನ್ನು ಸೇರುತ್ತದೆ. ಬೆರಳು ಒತ್ತಿರುವಷ್ಟು ಹೊತ್ತೂ ಇದೇ ಕ್ರಮ ನಿಮಿಷಕ್ಕೆ 500 ಸಲ ನಡೆಯುತ್ತದೆ. ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದುದೂ ಮ್ಯಾಕ್ಸಿಮ್ಮನಿಗೆ ನೆರವಾಯಿತು. ಹಳೆಯ ಕರಿಮದ್ದು ನಳಿಗೆಯನ್ನು ಮಸಿಯಿಂದ ತುಂಬುತ್ತಿತ್ತು; ಅದರ ಹೊಗೆ ಗುರಿಯನ್ನೇ ಮರೆಮಾಡುತ್ತಿತ್ತು.

ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಗುಂಡು, ಗುಂಡೊಂದಕ್ಕೆ 8.4ರ ಸಂವೇಗ, ಆದುದರಿಂದ ಗುಂಡುಗಳಿಂದಲೇ ಕೋವಿಯ ಮೇಲೆ ಬೀಳುವ ಸರಾಸರಿ ಬಲ 70 ನ್ಯೂಟನ್, ಅಂದರೆ 7 ಕಿಲೋಗ್ರಾಮ್ ಭಾರದಷ್ಟು. ಗುರಿಯನ್ನು ಕದಲಿಸಲು ಇಷ್ಟು ಸಾಕು. ಆದುದರಿಂದಲೇ ಆ ಕೋವಿಗಳಿಗೆ ಭಾರವಾದ ಪೀಠವಿರುತ್ತಿತ್ತು. ಜರ್ಮನರ 1908ರ ಮಾದರಿಯ ಕೋವಿ, ಪೀಠ ಮತ್ತು ನೀರು ಸೇರಿ 60 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತಿತ್ತು. ಈ ಭಾರವನ್ನು ವಾಚಕರು ನೆನಪಿನಲ್ಲಿಡಬೇಕು. ಹೈಫಾಕ್ಕೆ ಹೋದಾಗ ಅದು ಮತ್ತೆ ಬೇಕಾಗುತ್ತದೆ.

ಆಲೆಮನೆಯ ಕೊಪ್ಪರಿಗೆ

ಕೋವಿಗೆ ನೀರೇಕೆ? ಮಂಡ್ಯದ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಆಲೆಮನೆಯಲ್ಲಿ ಕೊಪ್ಪರಿಗೆಗೆ ತುಂಬಿದ ಕಬ್ಬಿನ ಹಾಲು ಬೇಗನೆ ಕುದಿಯಲು ತೊಡಗುತ್ತದೆ. ಆದರೆ ಅದರ ನೀರೆಲ್ಲ ಆವಿಯಾಗಿ ಪಾಕ ಬರಬೇಕಾದರೆ ಒಲೆಗೆ ಬಹಳ ಹೊತ್ತು ಕಬ್ಬಿನ ಸಿಪ್ಪೆಯನ್ನು ಉಣಿಸುತ್ತಲೇ ಇರಬೇಕು. ನೀರನ್ನು ಬಿಸಿಮಾಡುವುದಕ್ಕಿಂತ ಆವಿಮಾಡುವುದಕ್ಕೆ ಅನೇಕ ಪಾಲು ಹೆಚ್ಚು ಉಷ್ಣ ಬೇಕು. ಈ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು.

ಮ್ಯಾಕ್ಸಿಮ್ ಕೋವಿಯನ್ನು ಸುಧಾರಿಸಿ ಬ್ರಿಟಿಷರು 1912ರಲ್ಲಿ ಬಳಕೆಗೆ ತಂದ ವಿಕರ್ಸ್ ಕೋವಿಯಲ್ಲಿ ನಳಿಗೆಯ ಸುತ್ತ 4 ಲೀಟರು ನೀರು ತುಂಬಿದ ಉಕ್ಕಿನ ಕವಚವಿತ್ತು. ಸುಮಾರು 600 ಗುಂಡುಗಳನ್ನು ಬಿಡದೆ ಹಾರಿಸಿದರೆ ಆ ನೀರು ಕುದಿಯುತ್ತಿತ್ತು. 4 ಲೀಟರು ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾದ ಉಷ್ಣ ಸುಮಾರು 12.5 ಲಕ್ಷ ಜೂಲ್. ಅಂದರೆ ಪ್ರತಿಯೊಂದು ತೋಟಾವೂ ನೀರಿಗೆ 2,000 ಜೂಲಿಗೂ ಹೆಚ್ಚು ಉಷ್ಣವನ್ನು ಕೊಡುತ್ತಿತ್ತು. ಗುಂಡಿನ ಚಲನಶಕ್ತಿಯೇ ಸುಮಾರು 3,100 ಜೂಲ್ ಎಂಬುದನ್ನು ನೆನೆದರೆ ಮದ್ದಿನ ಶಕ್ತಿಯಲ್ಲಿ ಎಷ್ಟು ದೊಡ್ಡ ಪಾಲು ಕೋವಿಯನ್ನು ಕಾಯಿಸುವುದರಲ್ಲಿಯೇ ಕಳೆಯುತ್ತಿತ್ತೆಂಬುದು ತಿಳಿಯುತ್ತದೆ. ಕುದಿಯಲು ತೊಡಗಿದ ಮೇಲೆ ಅದೇ 4 ಲೀಟರು ಪೂರ್ತಿ ಆವಿಯಾಗಲು 90 ಲಕ್ಷ ಜೂಲ್ ಬೇಕು, ಅಂದರೆ ಏಳು ಪಾಲು ಹೆಚ್ಚು. ಅಷ್ಟರವರೆಗೂ ನೀರು 100 ಡಿಗ್ರಿಯನ್ನು ದಾಟುವುದಿಲ್ಲ; ನಳಿಗೆ ಕೆಂಪಗೆ ಕಾಯುವುದಿಲ್ಲ. ಆಗಾಗ ನೀರು ತುಂಬುತ್ತಿದ್ದರೆ ಆ ಕೋವಿ ಗಂಟೆಗಟ್ಟಲೆ ನಿಲ್ಲದೆ ನಡೆಯಬಲ್ಲದು. ಅದರ ಭೀಕರತೆಯೆಲ್ಲ ಇರುವುದು ಇಲ್ಲಿಯೇ. ಒಂದು ಗುಂಡಿನ ಬಲ ಬಂದೂಕಿಗೂ ಇದಕ್ಕೂ ಒಂದೇ. ಆದರೆ ಯಂತ್ರಕ್ಕೆ ದಣಿವಿಲ್ಲ.

ಕಲಿಯದೆ ಬಿಟ್ಟ ಪಾಠ

1898ರ ಸೆಪ್ಟೆಂಬರ್ 2ರಂದು ಸೂಡಾನಿನ ಒಮ್ಡುರ್ಮನ್ನಿನಲ್ಲಿ ಬಯಲನ್ನು ದಾಟಿ ಬಂದ ಮಹದೀ ಯೋಧರ ಮೇಲೆ ಬ್ರಿಟಿಷ್-ಈಜಿಪ್ಟ್ ಸೇನೆ ಫಿರಂಗಿ, ಬಂದೂಕು ಮತ್ತು ಮ್ಯಾಕ್ಸಿಮ್ ಕೋವಿಗಳನ್ನು ಪ್ರಯೋಗಿಸಿತು. ಒಂದೇ ಬೆಳಗಿನಲ್ಲಿ ಸತ್ತ ಸೂಡಾನಿಗಳು ಸುಮಾರು 10,000; ಎದುರು ಪಕ್ಷದಲ್ಲಿ ಸತ್ತವರು ಐವತ್ತರೊಳಗೆ. ಆ ಸೂಡಾನಿಗಳ ಎದೆಗಾರಿಕೆಯನ್ನು ಅವರ ವೈರಿಗಳೇ ಹೊಗಳಿದರು. ಆದರೆ ಈ ಕೋವಿ ವಸಾಹತುಗಳ ಜನರನ್ನು ಅಡಗಿಸುವ ಆಯುಧವೆಂದಷ್ಟೇ ಬಗೆದ ಯೂರೋಪಿನ ಅನೇಕ ಸೇನಾಪತಿಗಳಿಗೆ, ನಾಳೆ ಅದು ತಮ್ಮ ಮಕ್ಕಳ ಎದುರಿಗೂ ನಿಂತೀತೆಂದು ತೋಚಲಿಲ್ಲ.

1914ರಲ್ಲಿ ಬ್ರಿಟಿಷ್ ಕಾಲಾಳು ಬೆಟಾಲಿಯನ್ನೊಂದಕ್ಕೆ ಇದ್ದುದು ಎರಡೇ ಯಂತ್ರಕೋವಿಗಳು. ಫ್ರೆಂಚ್ ಸೇನೆಯಲ್ಲಂತೂ ಮುನ್ನುಗ್ಗುವ ಉತ್ಸಾಹವೇ ಎಲ್ಲಕ್ಕಿಂತ ಮಿಗಿಲಾದ ಅಸ್ತ್ರವೆಂಬ ಸಿದ್ಧಾಂತ ಬೇರೂರಿತ್ತು. ಆ ವರ್ಷದ ಆಗಸ್ಟ್ 22ರ ಒಂದೇ ದಿನ ಫಿರಂಗಿ ಮತ್ತು ಯಂತ್ರಕೋವಿಗಳೆದುರು ಸುಮಾರು 27,000 ಫ್ರೆಂಚ್ ಸೈನಿಕರು ಮಡಿದರು. 1916ರ ಜುಲೈ 1ರಂದು ಸೋಮ್ ನದಿಯ ಬಳಿ ಕಂದಕಗಳಿಂದ ಮೇಲೆದ್ದು ನಡೆದ ಬ್ರಿಟಿಷ್ ಸೇನೆ ಒಂದೇ ದಿನ 57,470 ಮಂದಿಯನ್ನು ಕಳೆದುಕೊಂಡಿತು. ಅವರಲ್ಲಿ 19,240 ಮಂದಿ ಸತ್ತಿದ್ದರು. ಇವರಲ್ಲಿ ಯಾರಿಗೂ ಎದೆಗಾರಿಕೆಯ ಕೊರತೆಯಿರಲಿಲ್ಲ.

ಹೈಫಾದ ಮಧ್ಯಾಹ್ನ

ಇನ್ನು ನಮ್ಮವರ ಕಥೆ. ಇಂದಿನ ಮಂಡ್ಯ, ಮದ್ದೂರು, ಮಳವಳ್ಳಿಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದುದು 1939ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನವು 1914ರಲ್ಲಿ ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ಕೊಟ್ಟುದಲ್ಲದೆ ಮೈಸೂರು ಲ್ಯಾನ್ಸರ್ಸ್ ಎಂಬ ತನ್ನ ಅಶ್ವದಳವನ್ನೂ ಕಳುಹಿಸಿತು. ಹೈದರಾಬಾದ್ ಮತ್ತು ಇತರ ಸಂಸ್ಥಾನಗಳ ದಳಗಳೊಡನೆ ಅದು 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಸೇರಿ, ಮೊದಲು ಸೂಯೆಜ್ ಕಾಲುವೆಯ ಕಾವಲಿನಲ್ಲಿಯೂ ಅನಂತರ ಪ್ಯಾಲೆಸ್ಟೈನಿನಲ್ಲಿಯೂ ದುಡಿಯಿತು.

1918ರ ಸೆಪ್ಟೆಂಬರ್ 19ರಂದು ಸೇನಾಪತಿ ಆಲನ್‌ಬಿಯ ದಾಳಿ ಪ್ರಾರಂಭವಾಗಿ ಟರ್ಕಿಯ ಸೇನೆ ಹಿಮ್ಮೆಟ್ಟತೊಡಗಿತು. ಸಮುದ್ರತೀರದ ಹೈಫಾ ಬಂದರು ಮಾತ್ರ ವೈರಿಗಳ ಕೈಯಲ್ಲಿಯೇ ಉಳಿದಿತ್ತು. 22ರಂದು ಅತ್ತ ಹೋದ ಉಕ್ಕಿನ ಕವಚದ ಮೋಟಾರುಗಳು ಗುಂಡಿನ ಮಳೆಗೆ ಸಿಕ್ಕಿ ಹಿಂದಿರುಗಿದುವು. ಊರಿಗೆ ಹೋಗುವ ದಾರಿ ಇಕ್ಕಟ್ಟಾದುದು: ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಶೋನ್ ಹೊಳೆ. ಬೆಟ್ಟದ ಮೇಲೆ ಫಿರಂಗಿಗಳು, ತಪ್ಪಲಿನಲ್ಲಿ ಯಂತ್ರಕೋವಿಗಳು.

23ರಂದು ಬ್ರಿಗೇಡು ಅಲ್ಲಿಗೆ ಬಂದಿತು. ಮೈಸೂರಿನ ಒಂದು ತುಕಡಿಯನ್ನು ಫಿರಂಗಿಗಳ ಬಾಯಿ ಮುಚ್ಚಿಸಲು ಕಾರ್ಮೆಲ್ ಬೆಟ್ಟದ ಕಡಿದಾದ ಕಾಲುದಾರಿಯಲ್ಲಿ ಕಳುಹಿಸಿದರು. ಬ್ರಿಟಿಷರ ಶರ್‌ವುಡ್ ರೇಂಜರ್ಸ್ ತುಕಡಿ ಅದಕ್ಕೆ ಬೆಂಬಲವಾಯಿತು. ಮೈಸೂರಿನ ಇನ್ನೊಂದು ತುಕಡಿ ತನ್ನ ಯಂತ್ರಕೋವಿಗಳೊಡನೆ ಬೇರೊಂದು ದಿಕ್ಕಿಗೆ ಸಾಗಿ ಅಲ್ಲಿಂದ ವೈರಿಗಳ ಮೇಲೆ ಗುಂಡು ಹಾರಿಸತೊಡಗಿತು. ಬ್ರಿಗೇಡಿನ ಜೊತೆಗಿದ್ದ ಫಿರಂಗಿಗಳೂ ಮೊಳಗಿದುವು. ಇವೆಲ್ಲ ನಡೆಯುತ್ತಿರುವಾಗ, ಮಧ್ಯಾಹ್ನ ಸುಮಾರು 2 ಗಂಟೆಗೆ, ಜೋಧಪುರದ ಸವಾರರು ನುಗ್ಗಿದರು. ಕಿಶೋನ್ ಹೊಳೆಯನ್ನು ದಾಟಲು ಹೋದಾಗ ಮುಂದಿದ್ದ ಕುದುರೆಗಳು ಹುದುಲು ಮರಳಿನಲ್ಲಿ ಹೂತುಹೋದುವು. ಒಡನೆಯೇ ದಳ ಎಡಕ್ಕೆ ತಿರುಗಿ, ತಪ್ಪಲಿನ ಯಂತ್ರಕೋವಿಗಳ ಮೇಲೆಯೇ ಹಾಯ್ದು, ಇಕ್ಕಟ್ಟಿನ ದಾರಿಯನ್ನು ತೆರೆದು ಊರೊಳಕ್ಕೆ ನುಗ್ಗಿತು. ನಾಯಕ ಮೇಜರ್ ದಲಪತ್ ಸಿಂಗ್ ಆ ದಾಳಿಯಲ್ಲಿ ಮಡಿದರು. ಅದೇ ಹೊತ್ತಿಗೆ ಬೆಟ್ಟದ ಮೇಲೆ, ಕಲ್ಲುದಾರಿಯಲ್ಲಿ ಕುದುರೆಗಳು ಕುಂಟಿ ತುಕಡಿ ಕುಗ್ಗಿಹೋಗಿದ್ದರೂ, ಮೈಸೂರಿನ ಸವಾರರು ಫಿರಂಗಿಗಳ ಮೇಲೆ ಬಿದ್ದು ಅವನ್ನು ಹಿಡಿದರು. ಸಂಜೆಯೊಳಗಾಗಿ ಹೈಫಾ ಕೈವಶವಾಯಿತು. ಸೆರೆಸಿಕ್ಕವರು 1,350 ಮಂದಿ. ಫಿರಂಗಿಗಳು 17, ಯಂತ್ರಕೋವಿಗಳು 11. ಗೆದ್ದವರಲ್ಲಿ ಸತ್ತವರು 8, ಗಾಯಗೊಂಡವರು 34.

ಎರಡು ಕಲ್ಲುಗಳ ನಡುವೆ

ಸೋಮ್‌ನಲ್ಲಿ ಆಗದುದು ಹೈಫಾದಲ್ಲಿ ಆದುದು ಹೇಗೆ? ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯನ್ನು ನೆನೆಯೋಣ. ಒಂದು ಕಿಲೋಮೀಟರ್ ಕಲ್ಲಿನ ಬಳಿ ಯಂತ್ರಕೋವಿಯಿದೆ. ಮುಂದಿನ ಕಲ್ಲಿನ ಬಳಿ ನಾವಿದ್ದೇವೆ. ಗುರಿ ನೋಡುವುದು, ಪಟ್ಟಿ ಬದಲಾಯಿಸುವುದು ಎಲ್ಲವನ್ನೂ ಕಳೆದು ಕೋವಿ ನಿಮಿಷಕ್ಕೆ 250 ಗುಂಡು ಹಾರಿಸುತ್ತದೆಂದು ಇಟ್ಟುಕೊಳ್ಳೋಣ. ನಾಗಾಲೋಟದ ಕುದುರೆ ಸೆಕೆಂಡಿಗೆ 8 ಮೀಟರು ಓಡಿದರೆ ಈ ಅಂತರವನ್ನು 125 ಸೆಕೆಂಡುಗಳಲ್ಲಿ ದಾಟುತ್ತದೆ. ಅಷ್ಟರಲ್ಲಿ ಹಾರುವ ಗುಂಡುಗಳು ಸುಮಾರು 500. ಸೋಮ್‌ನ ಕಾಲಾಳು ಬೆನ್ನ ಮೇಲೆ ಸುಮಾರು 30 ಕಿಲೋಗ್ರಾಮ್ ಹೊತ್ತು, ಕುಣಿಬಿದ್ದ ನೆಲದಲ್ಲಿ ಸೆಕೆಂಡಿಗೆ 1 ಮೀಟರಿನಂತೆ ನಡೆದರೆ ಬೇಕಾಗುವ ಕಾಲ 1,000 ಸೆಕೆಂಡು. ಹಾರುವ ಗುಂಡುಗಳು 4,000ಕ್ಕೂ ಹೆಚ್ಚು. ಯಂತ್ರಕೋವಿಗೆ ಬೇಕಾದುದು ಕಾಲ. ಅದನ್ನು ಕೊಡದಿರುವುದೇ ಮೊದಲನೆಯ ರಕ್ಷೆ.

ಎರಡನೆಯದು ಗುಂಡಿನ ಪಥ. 1,000 ಮೀಟರು ಹೋಗಲು ಗುಂಡಿಗೆ ಸುಮಾರು 2 ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಅದು ಗುರುತ್ವಕ್ಕೆ ಒಳಪಟ್ಟೇ ಇರುವುದರಿಂದ, ಅದನ್ನು ಮೇಲ್ಮುಖವಾಗಿ ಹಾರಿಸಬೇಕು. ಸ್ಥೂಲವಾಗಿ ಒಂದು ಸೆಕೆಂಡು ಏರಿ ಒಂದು ಸೆಕೆಂಡು ಇಳಿಯುವ ಗುಂಡು ನಡುದಾರಿಯಲ್ಲಿ ನೆಲದಿಂದ ಸುಮಾರು 5 ಮೀಟರು ಎತ್ತರದಲ್ಲಿ ಹೋಗುತ್ತದೆ. ಕುದುರೆ ಮತ್ತು ಸವಾರನ ಎತ್ತರ ಎರಡೂವರೆ ಮೀಟರು. ಸವಾರನು ಅರ್ಧದೂರ ಬರುವಷ್ಟರಲ್ಲಿ ಗುರಿಯನ್ನು ತಗ್ಗಿಸದಿದ್ದರೆ ಗುಂಡುಗಳೆಲ್ಲ ಅವನ ತಲೆಯ ಮೇಲೆಯೇ ಹಾರಿಹೋಗುತ್ತವೆ. 1917ರ ಅಕ್ಟೋಬರ್ 31ರಂದು ಬೀರ್‌ಷೆಬಾದಲ್ಲಿ ಆಸ್ಟ್ರೇಲಿಯದ ಸವಾರರು ನುಗ್ಗಿದಾಗ ಟರ್ಕಿಯ ಸೈನಿಕರು ಬಂದೂಕುಗಳ ಗುರಿಯನ್ನು ತಗ್ಗಿಸಲು ಮರೆತಿದ್ದರೆಂದು ಆಮೇಲೆ ತಿಳಿದುಬಂದಿತು.

ಮೂರನೆಯದು ದಿಕ್ಕು. 60 ಕಿಲೋಗ್ರಾಮಿನ ಕೋವಿಯನ್ನು ಎತ್ತಿ ಬೇರೆಡೆಗೆ ಇಡುವುದು ಕ್ಷಣದ ಕೆಲಸವಲ್ಲ. ಬೆಟ್ಟದ ಮೇಲಿನಿಂದ ಒಂದು ತುಕಡಿ, ಪಕ್ಕದಿಂದ ಗುಂಡಿನ ಮಳೆ, ಎದುರಿನಿಂದ ಕುದುರೆಗಳು ಬಂದಾಗ ಕೋವಿಯವನು ಯಾವುದಕ್ಕೆಂದು ತಿರುಗಬೇಕು? ಜೊತೆಗೆ ಹೈಫಾದಲ್ಲಿದ್ದುದು ನಾಲ್ಕು ದಿನಗಳಿಂದ ಸೋಲುತ್ತಿದ್ದ ಸೇನೆ. ಸೋಮ್‌ನಲ್ಲಿದ್ದಂತೆ ವರ್ಷಗಟ್ಟಲೆ ಕಟ್ಟಿದ ಕಂದಕಗಳೂ ತಂತಿಬೇಲಿಗಳೂ ಅಲ್ಲಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ನಮ್ಮವರು ಬರಿಯ ಭರ್ಜಿ ಹಿಡಿದಿರಲಿಲ್ಲ. ಭರ್ಜಿಯವರಿಗೆ ದಾರಿಮಾಡಿಕೊಡಲು ಮೈಸೂರಿನವರ ಯಂತ್ರಕೋವಿಗಳೇ ಹಾರುತ್ತಿದ್ದುವು.

ಕುದುರೆಯ ಪಾಲು

ಇನ್ನೊಂದು ಲೆಕ್ಕ ಉಳಿದಿದೆ. ಆ ದಿನ ಸತ್ತ ಕುದುರೆಗಳು 60, ಗಾಯಗೊಂಡವು 83. ಗುಂಡು ತಗುಲಿದ ಮನುಷ್ಯರು 42, ಕುದುರೆಗಳು 143! ಗುಂಡಿಗೆ ಎದುರಾಗುವ ಮೈಯ ಬಹುಭಾಗ ಕುದುರೆಯದೇ ಆದುದರಿಂದ ಇದು ಆಶ್ಚರ್ಯವಲ್ಲ. ಗುಂಡು ತಗುಲಿದ ಮೇಲೂ ಕುದುರೆಗಳು ನಿಲ್ಲದೆ ಓಡಿದುವೆಂದೂ ಅನೇಕ ಕುದುರೆಗಳು ಆಮೇಲೆ ಸತ್ತುವೆಂದೂ ಅಂದಿನ ವರದಿಗಳು ಹೇಳುತ್ತವೆ. ಸವಾರನೂ ಕುದುರೆಯೂ ಸೇರಿ 550 ಕಿಲೋಗ್ರಾಮಾದರೆ ನಾಗಾಲೋಟದಲ್ಲಿ ಅವರ ಸಂವೇಗ 4,400. ಗುಂಡಿನದು ಹೆಚ್ಚೆಂದರೆ 8.4. ಒಂದು ಗುಂಡು ಆ ಓಟವನ್ನು ಸೆಕೆಂಡಿಗೆ ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ ತಗ್ಗಿಸಬಲ್ಲದು. ಗುಂಡು ಕೊಲ್ಲುವುದು ತಳ್ಳುವುದರಿಂದಲ್ಲ, ಒಳಗೆ ಹರಿಯುವುದರಿಂದ. ಗಾಯವು ಜೀವವನ್ನು ತೆಗೆಯುವಷ್ಟರೊಳಗೆ ಆ ಮೂಕಪ್ರಾಣಿಗಳು ತಮ್ಮ ಸವಾರರನ್ನು ಕೋವಿಯವರೆಗೆ ಮುಟ್ಟಿಸಿದ್ದುವು.

ಅನಂತರದ ಕಾಲ

ಹೈಫಾ ಅಪವಾದವಾಗಿಯೇ ಉಳಿಯಿತು. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಕ್ರೋಯಾಂಟಿಯಲ್ಲಿ ಜರ್ಮನ್ ಕಾಲಾಳುಗಳ ಮೇಲೆ ನುಗ್ಗಿದ ಅಶ್ವದಳವನ್ನು ಕವಚವಾಹನಗಳ ಯಂತ್ರಕೋವಿಗಳು ಕೆಡವಿದುವು. ಎರಡನೆಯ ಮಹಾಯುದ್ಧದ ಜರ್ಮನ್ ಎಂ.ಜಿ. 42 ನಿಮಿಷಕ್ಕೆ ಸುಮಾರು 1,200 ಗುಂಡು ಹಾರಿಸುತ್ತಿತ್ತು. ಅದಕ್ಕೆ ನೀರಿನ ಕವಚವಿರಲಿಲ್ಲ, ಕಾದ ನಳಿಗೆಯನ್ನು ಕೆಲವೇ ಸೆಕೆಂಡುಗಳಲ್ಲಿ ಬದಲಾಯಿಸುತ್ತಿದ್ದರು. ಭಾರತೀಯ ಸೈನಿಕರು ಹಿಡಿದಿದ್ದ ಬ್ರೆನ್ ಕೋವಿ ಒದೆತಕ್ಕೆ ಬದಲಾಗಿ ನಳಿಗೆಯ ಅನಿಲದ ಒತ್ತಡದಿಂದ ನಡೆಯುತ್ತಿತ್ತು. ಸುಮಾರು 10 ಕಿಲೋಗ್ರಾಮಿನ ಅದನ್ನು ಒಬ್ಬನೇ ಹೊತ್ತು ಓಡಬಹುದಾಗಿತ್ತು. ವಿಮಾನಗಳ ಯುಗದಲ್ಲಿ ಗ್ಯಾಟ್ಲಿಂಗನ ಹಳೆಯ ಉಪಾಯವೇ ಮರಳಿ ಬಂದಿತು: ತೋಳಿನ ಬದಲು ಯಂತ್ರಶಕ್ತಿಯಿಂದ ತಿರುಗುವ ಆರು ನಳಿಗೆಗಳ ವಲ್ಕನ್ ಫಿರಂಗಿ ನಿಮಿಷಕ್ಕೆ 6,000 ಗುಂಡುಗಳನ್ನು ಉಗುಳುತ್ತದೆ. ಮೈಸೂರು ಲ್ಯಾನ್ಸರ್ಸ್ ಸ್ವಾತಂತ್ರ್ಯಾನಂತರ ಇತರ ಸಂಸ್ಥಾನಗಳ ಅಶ್ವದಳಗಳೊಡನೆ 61ನೆಯ ಅಶ್ವದಳದಲ್ಲಿ ಲೀನವಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕಸ್ತಂಭವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು.

ಈ ಲೆಕ್ಕಗಳನ್ನು ತರಗತಿಯಲ್ಲಿ ಹೇಳಿದ ಮೇಲೆ ಒಂದು ಭಾನುವಾರ ವಿದ್ಯಾರ್ಥಿಗಳೊಡನೆ ಮದ್ದೂರು-ಮಳವಳ್ಳಿ ರಸ್ತೆಗೆ ಹೋದೆವು. ಎದೆಗಾರಿಕೆಯ ಮಾತನಾಡಿದ್ದ ಮದ್ದೂರಿನ ಹುಡುಗನೇ ಮುಂದೆ ಬಂದು 30 ಕಿಲೋ ಅಕ್ಕಿಯ ಮೂಟೆಯನ್ನು ಬೆನ್ನಿಗೇರಿಸಿಕೊಂಡನು. ರಸ್ತೆಯ ಪಕ್ಕದ ಉತ್ತ ಹೊಲದಲ್ಲಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಅವನು ನಡೆಯುವಾಗ, ಈ ತುದಿಯಲ್ಲಿ ಮಳವಳ್ಳಿಯ ಹುಡುಗನು ಗಡಿಯಾರ ನೋಡುತ್ತ ನಿಮಿಷಕ್ಕೊಂದು ಹರಳನ್ನು ನೆಲದ ಮೇಲಿಡುತ್ತಿದ್ದನು. ಒಂದು ಹರಳೆಂದರೆ 250 ತೋಟಾಗಳ ಒಂದು ಪಟ್ಟಿ. ಮೂಟೆ ಹೊತ್ತವನು ಬಂದು ಮುಟ್ಟಿದಾಗ ಅಲ್ಲಿ 16 ಹರಳುಗಳಿದ್ದುವು. ಅವನು ಮೂಟೆಯನ್ನಿಳಿಸಿ, ಬೆವರೊರೆಸಿಕೊಂಡು, ಹರಳುಗಳನ್ನು ಒಂದೊಂದಾಗಿ ಎಣಿಸಿದನು.

“ಅಷ್ಟು ಹೊತ್ತೂ ಅದು ಹಾರಿಸುತ್ತಲೇ ಇರುತ್ತದೆಯೇ ಸಾರ್?” ಎಂದನು.

“ನೀರು ಹಾಕುತ್ತಿದ್ದರೆ ಇರುತ್ತದೆ” ಎಂದೆವು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.